ಗೋಡೆಯ ಹಿಂದಿನ ನೀರಿಗೆ ದಾರಿ ಬಿಡಿ

ಓದುಗರ ಪತ್ರ:

“ಸಂಪಾದಕರಿಗೆ ನಮಸ್ಕಾರ. ನಮ್ಮದು ಮುಂಬೈ ವಿಕ್ರೋಲಿಯ ಗುಡ್ಡದ ಮೇಲಿನ ಚಾಳು. ನಲವತ್ತು ಮನೆ. ಹೆಚ್ಚಿನವರು ಕಲಬುರಗಿ, ಯಾದಗಿರಿ ಕಡೆಯವರು, ಐದಾರು ಮನೆ ಉಡುಪಿಯವರದು. ಹಿಂದುಗಡೆ ಹನ್ನೆರಡು ಅಡಿಯ ಕಲ್ಲಿನ ತಡೆಗೋಡೆ ಇದೆ. ಹೋದ ಮಳೆಗಾಲದಲ್ಲಿ ಗೋಡೆಯ ತೂತುಗಳಿಂದ ಕೆಂಪು ನೀರು ಬಂತು. ಅಡುಗೆಮನೆ ಒದ್ದೆಯಾಗುತ್ತದೆಂದು ಪಕ್ಕದ ಮನೆಯವರು ಸಿಮೆಂಟ್ ಹಾಕಿ ಮುಚ್ಚಿದ್ದಾರೆ. ಮಳೆಗಾಲಕ್ಕೆ ಮುಂಚೆ ವಾರ್ಡ್‌ನವರು ಬಂದು ನೋಟಿಸ್ ಅಂಟಿಸಿ ಹೋಗುತ್ತಾರೆ. ಎಲ್ಲಿಗೆ ಹೋಗೋಣ? ರೆಡ್ ಅಲರ್ಟ್ ಅಂತ ಹತ್ತು ಸಲ ಹೇಳುತ್ತಾರೆ, ಒಂಬತ್ತು ಸಲ ಏನೂ ಆಗುವುದಿಲ್ಲ, ಎಲ್ಲರೂ ಮಲಗಿಬಿಡುತ್ತಾರೆ. ನಮ್ಮ ಕೈಲಿ ಆಗುವಂಥದ್ದು ಏನಾದರೂ ಇದ್ದರೆ ಬರೆಯಿರಿ.”

(ಪತ್ರ ಬರೆದ ತಾಯಿಯ ಕೋರಿಕೆಯಂತೆ ಅವರ ಹೆಸರು, ಚಾಳಿನ ಹೆಸರು ಹಾಕಿಲ್ಲ.)

ಸಂಪಾದಕರ ಉತ್ತರ:

ನಮಸ್ಕಾರ. ನಿಮ್ಮ ಪತ್ರದಲ್ಲಿ ನಮ್ಮನ್ನು ಹೆಚ್ಚು ಹೆದರಿಸಿದ್ದು ಕೆಂಪು ನೀರಲ್ಲ, ಮುಚ್ಚಿದ ತೂತು. ಆದ್ದರಿಂದ ಉತ್ತರವನ್ನು ಅಲ್ಲಿಂದಲೇ ಶುರುಮಾಡುತ್ತೇವೆ. ಮುಂಬೈಯಲ್ಲಿ ಮಳೆ ಹಿಡಿಯುವುದು ಸಾಮಾನ್ಯವಾಗಿ ಜೂನ್ 11ರ ಆಸುಪಾಸಿಗೆ. ಅದಕ್ಕೆ ಮುಂಚೆ ಬೇರೇನೂ ಆಗದಿದ್ದರೂ ಈ ಒಂದು ಕೆಲಸ ಆಗಲೇಬೇಕು.

ತಡೆಗೋಡೆ ಕಟ್ಟುವುದು ಮಣ್ಣನ್ನು ಹಿಡಿದು ನಿಲ್ಲಿಸಲಿಕ್ಕೆ, ನೀರನ್ನು ಹಿಡಿದು ನಿಲ್ಲಿಸಲಿಕ್ಕಲ್ಲ. ಮಳೆನೀರು ಮೇಲಿನ ಮಣ್ಣಿಗೆ ಇಳಿದು, ಅಡಿಯ ಗಟ್ಟಿ ಕಪ್ಪುಕಲ್ಲಿನ ಮೇಲೆ ಹರಿದು, ಗೋಡೆಯ ಬೆನ್ನಿಗೆ ಬಂದು ನಿಲ್ಲುತ್ತದೆ. ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಅಲ್ಲೇ ಮಟ್ಟ ಏರುತ್ತದೆ. ಹನ್ನೆರಡು ಅಡಿ ಗೋಡೆಯ ಹಿಂದೆ ಹನ್ನೆರಡು ಅಡಿಯೂ ನೀರು ತುಂಬಿದರೆ, ಗೋಡೆಯ ಒಂದೊಂದು ಅಡಿ ಉದ್ದದ ಮೇಲೆ ನೀರಿನ ತಳ್ಳುಬಲವೇ ಸುಮಾರು 2 ಟನ್. ಮಣ್ಣಿನ ಒತ್ತಡ ಬೇರೆ. ಮೂವತ್ತು ಅಡಿ ಉದ್ದದ ಗೋಡೆಗೆ ಅದು 60 ಟನ್. ಅದೇ ನೀರಿನ ಮಟ್ಟ ಆರು ಅಡಿಗೆ ಇಳಿದರೆ ತಳ್ಳುಬಲ ಅರ್ಧವಾಗುವುದಿಲ್ಲ, ಕಾಲುಭಾಗಕ್ಕೆ ಇಳಿಯುತ್ತದೆ: ಅಡಿಗೆ ಸುಮಾರು 500 ಕಿಲೊ. ಗೋಡೆಯನ್ನು ಬುಡದಿಂದ ಮಗುಚುವ ಶಕ್ತಿಯಂತೂ ಎಂಟರಲ್ಲಿ ಒಂದು ಪಾಲಾಗುತ್ತದೆ. ನೀರು ಹೊರಹೋಗಲೆಂದೇ ಬಿಟ್ಟಿರುವ ಕೆಳಸಾಲಿನ ತೂತುಗಳು ತೆರೆದಿವೆಯೋ ಮುಚ್ಚಿವೆಯೋ ಎನ್ನುವುದರ ಮೇಲೆ ಇಷ್ಟೆಲ್ಲ ನಿಂತಿದೆ. ನಿಮ್ಮ ಪಕ್ಕದ ಮನೆಯವರಿಗೆ ಈ ಲೆಕ್ಕವನ್ನು ಜಗಳವಿಲ್ಲದೆ ಕೂತು ಹೇಳಿ. ಅಡುಗೆಮನೆ ಒಣಗಿರಬೇಕೆಂಬ ಅವರ ಆಸೆಯೂ ತಪ್ಪಲ್ಲ, ಅದಕ್ಕೂ ದಾರಿ ಇದೆ.

ಸಿಮೆಂಟನ್ನು ಉಳಿ ಸುತ್ತಿಗೆಯಿಂದ ಮೆಲ್ಲಗೆ ಒಡೆದು ತೆಗೆಸಿ. ಬ್ರೇಕರ್ ಮಷೀನು ಬೇಡ, ಹಳೆಯ ಕಲ್ಲುಕಟ್ಟಡದ ಸಂದುಗಳು ಅದರ ಅದುರಿಗೆ ಸಡಿಲಾಗುತ್ತವೆ. ತೂತಿನ ಬಾಯಿಗೆ ನಾಲ್ಕು ಇಂಚಿನ ಪಿವಿಸಿ ಪೈಪ್ ಕೂರಿಸಿ, ಎಲ್ಬೋ ಹಾಕಿ, ಅಡುಗೆಮನೆಯ ಮೂಲೆಗುಂಟ ಇಳಿಸಿ ಹೊರಗಿನ ಗಟಾರಕ್ಕೆ ಬಿಡಿ. ಪೈಪು ಉದ್ದಕ್ಕೂ ಹೊರಗಡೆಗೇ ಇಳಿಜಾರಾಗಿರಬೇಕು, ಎಲ್ಲೂ ಗಾತ್ರ ಕಿರಿದಾಗಬಾರದು. ಇಲಿ ಬರುತ್ತದೆಂದು ಸೊಳ್ಳೆಪರದೆಯಂಥ ಸಣ್ಣ ಜಾಳಿಗೆ ಕಟ್ಟಿದರೆ ಒಂದೇ ಮಳೆಗೆ ಕೆಸರು ಕಟ್ಟಿ ಮತ್ತೆ ಮುಚ್ಚುತ್ತದೆ. ಜಾಳಿಗೆ ಹಾಕಲೇಬೇಕೆಂದರೆ ಅರ್ಧ ಇಂಚಿನ ಕಣ್ಣಿನದು ಹಾಕಿ. ಉಳಿದ ತೂತುಗಳಿಗೆ 12 ಮಿ.ಮೀ. ಸರಳನ್ನು ತೂರಿಸಿ ಒಳಗಿನ ಪ್ಲಾಸ್ಟಿಕ್ ಚೀಲ, ಬೇರು, ಮಣ್ಣು ಎಳೆದು ತೆಗೆಯಿರಿ. ಜಲ್ಲಿ ಸಿಕ್ಕಿದ ಕೂಡಲೇ ನಿಲ್ಲಿಸಿ. ಅದು ಗೋಡೆ ಕಟ್ಟುವಾಗ ಮಣ್ಣು ಸೋಸಲು ಹಾಕಿದ ಪದರ, ಅದನ್ನು ಕೆದಕಿದರೆ ನೀರಿನ ಜೊತೆ ಮಣ್ಣೂ ಹರಿಯಲು ಶುರುವಾಗುತ್ತದೆ. ಸಾಲಿನಲ್ಲಿ ತೂತುಗಳೇ ಕಡಿಮೆ ಇದ್ದರೆ ನೀವಾಗಿ ಹೊಸದು ಕೊರೆಯಬೇಡಿ. ಎಲ್ಲಿ, ಎಷ್ಟು ಎಂಬುದನ್ನು ಇಂಜಿನಿಯರರೇ ಹೇಳಬೇಕು, ಕೆಲಸವೂ ಮಳೆಗೆ ಮುಂಚೆಯೇ ಮುಗಿಯಬೇಕು.

ಕೆಂಪು ನೀರಿನ ವಿಷಯ. ತೂತಿನಿಂದ ತಿಳಿನೀರು ಸುರಿಯುವುದು ಒಳ್ಳೆಯದು. ಮೊದಲ ಮಳೆಗೆ ಸ್ವಲ್ಪ ಹೊತ್ತು ಬಣ್ಣ ಬಂದು ತಿಳಿಯಾದರೆ ಚಿಂತೆಯಿಲ್ಲ. ಗಂಟೆಗಟ್ಟಲೆ ಕೆಂಪಾಗಿಯೇ ಬರುತ್ತಿದ್ದರೆ ಗೋಡೆಯ ಹಿಂದೆ ಮಣ್ಣು ಕೊಚ್ಚಿ ಟೊಳ್ಳಾಗುತ್ತಿದೆ ಎಂದರ್ಥ. ಇದಕ್ಕಿಂತ ಅಪಾಯದ ಲಕ್ಷಣ ಇನ್ನೊಂದಿದೆ, ಅದನ್ನು ಕಂಡು ಜನ ನೆಮ್ಮದಿಯಾಗುತ್ತಾರೆ: ಹೊರಗೆ ಜೋರು ಮಳೆ ಸುರಿಯುತ್ತಿರುವಾಗ ತೂತಿನ ನೀರು ಥಟ್ಟನೆ ನಿಲ್ಲುವುದು. ಒಳಗೆ ಏನೋ ಜರುಗಿ ದಾರಿ ಮುಚ್ಚಿದೆ, ನೀರು ಏರುತ್ತಿದೆ. ಆಗ ಕಾರಣ ಹುಡುಕುತ್ತ ಗೋಡೆಯ ಹತ್ತಿರ ನಿಲ್ಲಬೇಡಿ, ಮನೆಯವರನ್ನು ಎಬ್ಬಿಸಿ ಹೊರಗೆ ಕರೆತನ್ನಿ.

ಗೋಡೆಯ ಮೇಲ್ಭಾಗಕ್ಕೂ ಒಮ್ಮೆ ಹತ್ತಿ ನೋಡಿ. ಮೇಲಿನ ಮನೆಗಳ ಬಚ್ಚಲುನೀರು, ಟಾಕಿ ತುಂಬಿ ಹರಿಯುವ ನೀರು, ಸೋರುವ ನಳದ ಪೈಪು, ಇವು ಮಳೆಯಿಲ್ಲದ ದಿನವೂ ಮಣ್ಣನ್ನು ನೆನೆಸಿಟ್ಟಿರುತ್ತವೆ. ಆಮೇಲೆ ಬರುವ ಮಳೆಗೆ ಮಣ್ಣಿನಲ್ಲಿ ಜಾಗವೇ ಉಳಿದಿರುವುದಿಲ್ಲ. ಗೋಡೆಯಂಚಿನಿಂದ ಆರೇಳು ಅಡಿ ಹಿಂದೆ ಅಡ್ಡಕ್ಕೆ ಒಂದು ಗಟಾರ ಇದ್ದು, ಅದು ಪಕ್ಕದ ನಾಲೆಗೆ ಹರಿಯುವಂತಿರಬೇಕು. ಇದ್ದರೆ ಹೂಳು ತೆಗೆಯಿರಿ. ಮನೆ ರಿಪೇರಿಯ ಡೆಬ್ರಿಸ್ ಅಲ್ಲಿ ಸುರಿಯುವುದನ್ನು ನಿಲ್ಲಿಸಲೇಬೇಕು, ಒಂದು ಘನ ಮೀಟರ್ ಎಂದರೆ ಹೆಚ್ಚುಕಡಿಮೆ ಒಂದೂವರೆ ಟನ್ ಭಾರ. ನೆಲದಲ್ಲಿ ಗೋಡೆಗುಂಟ ಬಿರುಕು ಕಂಡರೆ ಜೇಡಿಮಣ್ಣು ತುಂಬಿ ಗುದ್ದಿ, ಮೇಲೆ ತಾಡಪತ್ರಿ ಹೊದಿಸಿ, ಅಂಚಿಗೆ ಮರಳುಚೀಲ ಇಡಿ. ಕೆಳಗಡೆ ಒಂದಡಿ ಜಾಗ ಸಿಗುತ್ತದೆಂದು ಗೋಡೆಯ ಬುಡ ಅಗೆದು ಅಡುಗೆಮನೆ ದೊಡ್ಡದು ಮಾಡಿದವರು ಯಾರಾದರೂ ಇದ್ದರೆ ಅದನ್ನು ಮುಚ್ಚಿಡದೆ ಇಂಜಿನಿಯರರಿಗೆ ತೋರಿಸಿ.

ಗೋಡೆ ಸರಿಯುತ್ತಿದೆಯೇ ಎಂದು ತಿಳಿಯಲು ಪೆನ್ಸಿಲು, ಸ್ಕೇಲು ಸಾಕು. ಪ್ರತಿ ಬಿರುಕಿನ ಎರಡೂ ಬದಿಗೆ, ಒಂದಕ್ಕೊಂದು 10 ಸೆಂ.ಮೀ. ದೂರದಲ್ಲಿ, ಒಂದೊಂದು ಗುರುತು ಹಾಕಿ ಪಕ್ಕದಲ್ಲಿ ತಾರೀಖು ಬರೆಯಿರಿ. ವಾರಕ್ಕೊಮ್ಮೆ, ಮಳೆಯ ದಿನಗಳಲ್ಲಿ ಬೆಳಿಗ್ಗೆ ಸಂಜೆ ಅಳೆಯಿರಿ. ತಿಂಗಳಿಗೆ ಕೂದಲೆಳೆಯಷ್ಟು ಹಿಗ್ಗಿದರೆ ಅರ್ಜಿಯಲ್ಲಿ ಬರೆಯುವ ವಿಷಯ, ಒಂದೇ ದಿನದಲ್ಲಿ 2 ಮಿ.ಮೀ. ಹಿಗ್ಗಿದರೆ ಅವತ್ತು ರಾತ್ರಿ ಅಲ್ಲಿ ಮಲಗುವಂತಿಲ್ಲ. ಚಾಳಿನಲ್ಲಿ ಗೌಂಡಿ ಕೆಲಸದವರು ಇದ್ದೇ ಇರುತ್ತಾರೆ. ಅವರಿಂದ ಗೋಡೆಯ ಮೂರು ಕಡೆ ತೂಗುಗುಂಡು ಬಿಡಿಸಿ, ಮೇಲೆ, ನಡುವೆ, ಕೆಳಗೆ ದಾರಕ್ಕೂ ಗೋಡೆಗೂ ಎಷ್ಟು ಅಂತರ ಎಂದು ಬರೆದಿಡಿ. ನಡುಭಾಗ ಹೊಟ್ಟೆ ಉಬ್ಬುತ್ತಿದ್ದರೆ ಕಣ್ಣಿಗೆ ಕಾಣುವ ಮೊದಲೇ ದಾರ ಹೇಳುತ್ತದೆ. ಇನ್ನು ನಿನ್ನೆಯವರೆಗೆ ಸರಿಯಾಗಿ ಮುಚ್ಚುತ್ತಿದ್ದ ಬಾಗಿಲು ಇವತ್ತು ಚೌಕಟ್ಟಿಗೆ ಸಿಕ್ಕಿಕೊಂಡರೆ, ಮರ ಉಬ್ಬಿದೆ ಎಂದುಕೊಳ್ಳುವ ಮುಂಚೆ ಗೋಡೆಯನ್ನು ನೋಡಿ.

ರೆಡ್ ಅಲರ್ಟ್ ಬಗ್ಗೆ ನೀವು ಬರೆದದ್ದು ನಿಜ, ಅದಕ್ಕೆ ಕಾರಣವೂ ಇದೆ. ಹವಾಮಾನ ಇಲಾಖೆಯ ಎಚ್ಚರಿಕೆ ಇಡೀ ಜಿಲ್ಲೆಗೆ ಸೇರಿದ್ದು, ಮಳೆ ಹಾಗೆ ಸಮನಾಗಿ ಬೀಳುವುದಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗೆ 944 ಮಿ.ಮೀ. ಬಿದ್ದಾಗ ಇದೇ ಊರಿನ ಕೊಲಾಬಾದಲ್ಲಿ ಬಿದ್ದದ್ದು 73 ಮಿ.ಮೀ. ಹಾಗಾಗಿ ಅಲರ್ಟ್ ಬಂದಾಗ ತಯಾರಾಗಿ, ಆದರೆ ಮನೆ ಬಿಡುವ ತೀರ್ಮಾನಕ್ಕೆ ನಿಮ್ಮ ಗುಡ್ಡದ ಮಳೆಯನ್ನು ನೀವೇ ಅಳೆಯಿರಿ. ನೇರ ಅಂಚಿನ, ಸಪಾಟು ತಳದ ಯಾವ ಡಬ್ಬವಾದರೂ ಆದೀತು. ಬಾಯಿಯೂ ತಳವೂ ಒಂದೇ ಅಗಲ ಇರಬೇಕು, ಅಷ್ಟೇ. ಸೂರಿನ ಹನಿ ಬೀಳದ ಬಯಲು ಜಾಗದಲ್ಲಿಟ್ಟು, ಒಳಗೆ ಸ್ಕೇಲ್ ಇಳಿಸಿ ಓದಿ. ಇಲಾಖೆಯ ಲೆಕ್ಕ ಬೆಳಿಗ್ಗೆ 8.30ರಿಂದ ಮರುದಿನ 8.30ಕ್ಕೆ, ನೀವೂ ಅದೇ ಹೊತ್ತಿಗೆ ಖಾಲಿ ಮಾಡಿದರೆ ಹೋಲಿಸಿ ನೋಡಬಹುದು. ಅವರ ಪ್ರಕಾರ ದಿನಕ್ಕೆ 64.5 ಮಿ.ಮೀ. ದಾಟಿದರೆ ಭಾರಿ ಮಳೆ, 115.6ರಿಂದ ಅತಿ ಭಾರಿ, 204.5ರಿಂದ ಅತ್ಯಂತ ಭಾರಿ.

ಈ ಅಂಕಿಗಳನ್ನು ಹಿಡಿದು ಚಾಳಿನವರೆಲ್ಲ ಕೂತು ಈಗಲೇ ಒಂದು ನಿಯಮ ಮಾಡಿಕೊಳ್ಳಿ. ನಮ್ಮ ಸಲಹೆ ಹೀಗೆ: 115 ದಾಟಿದ ದಿನ ರಾತ್ರಿ ಇಬ್ಬಿಬ್ಬರು ಎರಡೆರಡು ಗಂಟೆಯ ಪಾಳಿಯಲ್ಲಿ ಎಚ್ಚರವಿರುವುದು. 200 ದಾಟಿದರೆ, ಅಥವಾ ಒಂದೇ ಗಂಟೆಯಲ್ಲಿ 50 ಬಿದ್ದರೆ, ಗೋಡೆಯಿಂದ ಇಪ್ಪತ್ತೈದು ಅಡಿಯೊಳಗಿನ ಮನೆಗಳವರು ಚರ್ಚೆಯಿಲ್ಲದೆ ಹೊರಡುವುದು. ಹಿಂದಿನ ಮೂರು ದಿನ ಬಿಡದೆ ಸುರಿದಿದ್ದರೆ ಈ ಮಿತಿಗಳನ್ನು ಅರ್ಧಕ್ಕೆ ಇಳಿಸಿ, ನೆನೆದ ಗುಡ್ಡಕ್ಕೆ ಸಣ್ಣ ಮಳೆಯೂ ಸಾಕು. ಇದು ಮಾಮೂಲಿ ತಡೆಗೋಡೆಗೆ ಹಾಕಿದ ಲೆಕ್ಕ. ಮೇಲಿನ ಗುಡ್ಡವೇ ಸಡಿಲವಿದ್ದರೆ ಮಣ್ಣು ಬಹಳ ದೂರ ಹರಿಯುತ್ತದೆ. 2014ರ ಜುಲೈ 30ರಂದು ಪುಣೆ ಜಿಲ್ಲೆಯ ಮಾಳೀಣ್‌ನಲ್ಲಿ ಊರಿನ ಹೆಚ್ಚಿನ ಭಾಗ ಹೂತುಹೋಗಿ 150ಕ್ಕೂ ಹೆಚ್ಚು ಜನ ಸತ್ತರು. ಮೇಲಿನ ಇಳಿಜಾರಿನಲ್ಲಿ ಹೊಸ ಬಿರುಕು ಕಂಡರೆ ಇಪ್ಪತ್ತೈದು ಅಡಿಯ ಮಾತಿಲ್ಲ, ಎಲ್ಲರೂ ಹೊರಡಬೇಕು.

ತೀರ್ಮಾನ ಹಗಲಲ್ಲೇ ಆಗಿರಬೇಕೆಂದು ಒತ್ತಿ ಹೇಳುತ್ತಿರುವುದಕ್ಕೆ ಕಾರಣ ಇದು: 2019ರ ಜುಲೈಯಲ್ಲಿ ಮಲಾಡಿನ ಪಿಂಪ್ರಿಪಾಡಾದಲ್ಲಿ ಗೋಡೆ ಬಿದ್ದದ್ದು ನಡುರಾತ್ರಿ ಕಳೆದ ಮೇಲೆ. 2021ರ ಜುಲೈ 18ರಂದು ಚೆಂಬೂರಿನ ಭಾರತ್ ನಗರದಲ್ಲೂ ನಿಮ್ಮ ವಿಕ್ರೋಲಿಯಲ್ಲೂ ಅಷ್ಟೇ, ಬೆಳಕು ಹರಿಯುವ ಮುಂಚೆ. ಎರಡೂ ಕಡೆ ಸೇರಿ ಇಪ್ಪತ್ತೈದಕ್ಕೂ ಹೆಚ್ಚು ಜೀವ ಹೋಯಿತು. 2023ರಲ್ಲಿ ರಾಯಗಡದ ಇರ್ಶಾಳವಾಡಿಯ ಮೇಲೆ ಗುಡ್ಡ ಜಾರಿದ್ದೂ ರಾತ್ರಿಯೇ. ರಾತ್ರಿ ಒಂದು ಗಂಟೆಗೆ ಮಳೆಯ ಸದ್ದಿನಲ್ಲಿ, ಕರೆಂಟು ಹೋದ ಕತ್ತಲಲ್ಲಿ, ಮಲಗಿದ ಮಕ್ಕಳನ್ನು ಎತ್ತಿಕೊಂಡು “ಹೋಗೋಣವೋ ಬೇಡವೋ” ಎಂದು ಕೇಳಿದರೆ ಯಾರೂ ಹೋಗೋಣ ಎನ್ನುವುದಿಲ್ಲ.

ಎಬ್ಬಿಸಲು ಫೋನನ್ನು ನಂಬಬೇಡಿ. ಪಾಳಿಯವರ ಕೊರಳಲ್ಲಿ ಸೀಟಿ ಇರಲಿ, ಮೂರು ಉದ್ದ ಸೀಟಿ ಎಂದರೆ ಹೊರಡು ಎಂದು ಮಕ್ಕಳಿಗೂ ಗೊತ್ತಿರಲಿ. ಓಣಿಯಲ್ಲಿ ನಿಲ್ಲಿಸುವ ಬೈಕು, ನೀರಿನ ಡ್ರಮ್ಮು ಮಳೆಗಾಲ ಮುಗಿಯುವವರೆಗೆ ಬೇರೆಡೆ ಇರಲಿ. ಹಾಸಿಗೆ ಹಿಡಿದವರನ್ನು ಯಾವ ಇಬ್ಬರು ಕುರ್ಚಿಯಲ್ಲಿ ಹೊರುತ್ತಾರೆ ಎಂದು ಹೆಸರು ಹಿಡಿದು ಬರೆಯಿರಿ. ಗ್ಯಾಸ್ ರೆಗ್ಯುಲೇಟರ್ ಮುಚ್ಚಿ ಹೊರಡಿ. ಮೇನ್ ಸ್ವಿಚ್ಚನ್ನು ಒಣನೆಲದಲ್ಲಿ ನಿಂತಿದ್ದರೆ ಮಾತ್ರ ಮುಟ್ಟಿ. ಯಾವ ಮನೆಯಲ್ಲಿ ಯಾರು, ಎಲ್ಲಿ ಮಲಗುತ್ತಾರೆ ಎಂಬ ಪಟ್ಟಿಯ ಒಂದು ಪ್ರತಿ ಚಾಳಿನ ಹೊರಗೆ, ರಸ್ತೆಯ ಅಂಗಡಿಯಲ್ಲಿ ಕೊಟ್ಟಿಡಿ. ಅಗ್ನಿಶಾಮಕ ದಳದವರು ಬಂದಾಗ ಮೊದಲು ಕೇಳುವುದು ಅದನ್ನೇ. ಪಾಲಿಕೆಯ ವಿಪತ್ತು ನಿಯಂತ್ರಣ ಕೊಠಡಿಯ ಸಂಖ್ಯೆ 1916, ಅಗ್ನಿಶಾಮಕ 101, ಆಂಬುಲೆನ್ಸ್ 108.

“ಎಲ್ಲಿಗೆ ಹೋಗೋಣ” ಎಂಬುದಕ್ಕೆ ಪೂರ್ತಿ ಉತ್ತರ ಪುನರ್ವಸತಿಯೇ, ಅದು ಸರ್ಕಾರದ ಹೊಣೆ. ನೀವು ತೂತು ಬಿಡಿಸಿದಿರಿ ಎಂಬ ಕಾರಣಕ್ಕೆ ಆ ಹೊಣೆ ಕಡಿಮೆಯಾಗುವುದಿಲ್ಲ. ಆದರೆ ಈ ಮಳೆಗಾಲಕ್ಕೆ ಬೇಕಾದದ್ದು ನಾಲ್ಕೈದು ರಾತ್ರಿಯ ಸೂರು. ತಾತ್ಕಾಲಿಕ ಆಶ್ರಯಕ್ಕೆ ಯಾವ ಪಾಲಿಕೆ ಶಾಲೆ ಗೊತ್ತುಮಾಡಿದ್ದಾರೆ, ರಾತ್ರಿ ಕೀಲಿ ಯಾರ ಹತ್ತಿರ ಇರುತ್ತದೆ ಎಂದು ವಾರ್ಡ್ ಕಚೇರಿಯಲ್ಲಿ ಈಗಲೇ ಕೇಳಿ. ಎರಡನೆಯ ದಾರಿ ನಮ್ಮವರದೇ ಸಂಘಗಳ ಸಭಾಗೃಹ, ಭಜನಾ ಮಂದಿರ. ಮುಂಬೈ ಕನ್ನಡಿಗರ ಹತ್ತಿರ ಹಾಲ್‌ಗಳಿಗೆ ಕೊರತೆಯಿಲ್ಲ, ಮಳೆಗಾಲದ ವಾರದ ದಿನಗಳಲ್ಲಿ ಎಷ್ಟೋ ಖಾಲಿಯೇ ಇರುತ್ತವೆ. ಇದನ್ನು ಓದುತ್ತಿರುವ ಪದಾಧಿಕಾರಿಗಳು ಘಾಟ್ಕೋಪರ್, ವಿಕ್ರೋಲಿ, ಭಾಂಡೂಪ್ ಕಡೆಯವರಾಗಿದ್ದರೆ ಪತ್ರಿಕೆಗೆ ತಿಳಿಸಿ, ಈ ಓದುಗರೊಂದಿಗೆ ಮಾತಾಡಿಸುವ ಕೆಲಸ ನಮ್ಮದು.

ಅರ್ಜಿಯನ್ನು ಮರಾಠಿಯಲ್ಲಿ ಬರೆದು ವಾರ್ಡಿನ ಸಹಾಯಕ ಆಯುಕ್ತರಿಗೆ ಕೊಡಿ. ಒಂದು ಪ್ರತಿ ಮುಂಬೈ ಉಪನಗರ ಜಿಲ್ಲಾಧಿಕಾರಿಗೆ, ಒಂದು ರಾಜ್ಯದ ವಸತಿ ಪ್ರಾಧಿಕಾರವಾದ ಮ್ಹಾಡಾದ ಕೊಳೆಗೇರಿ ಸುಧಾರಣಾ ಮಂಡಳಿಗೆ. ಗುಡ್ಡದ ಬಸ್ತಿಗಳ ತಡೆಗೋಡೆ ಕಟ್ಟಿಸುವ ಕೆಲಸ ಆ ಮಂಡಳಿಯದು. ಬಿರುಕಿನ ಪಕ್ಕ ಸ್ಕೇಲ್ ಹಿಡಿದು ತೆಗೆದ ಫೋಟೊ, ತಾರೀಖುವಾರು ಅಳತೆ, ನಲವತ್ತು ಮನೆಯವರ ಸಹಿ ಜೊತೆಗಿರಲಿ. “ಗೋಡೆ ಅಪಾಯದಲ್ಲಿದೆ” ಎಂದಷ್ಟೇ ಬರೆದ ಅರ್ಜಿ ಕಡತದಲ್ಲಿ ಕೂರುತ್ತದೆ. “ಮಾರ್ಚ್ ಕೊನೆಗೆ 4 ಮಿ.ಮೀ. ಇದ್ದ ಬಿರುಕು ಮೇ ಮಧ್ಯಕ್ಕೆ 7 ಆಗಿದೆ” ಎಂಬ ಧಾಟಿಯಲ್ಲಿ ಬರೆದರೆ ಇಂಜಿನಿಯರರು ಬಂದು ನೋಡಲೇಬೇಕಾಗುತ್ತದೆ. ನಿಮ್ಮ ಪ್ರತಿಯ ಮೇಲೆ ಇನ್‌ವರ್ಡ್ ನಂಬರ್ (ಸ್ವೀಕೃತಿ ಸಂಖ್ಯೆ) ಹಾಕಿಸಿಕೊಳ್ಳದೆ ಕೌಂಟರ್ ಬಿಡಬೇಡಿ. ಅಂಟಿಸಿದ ನೋಟಿಸನ್ನೂ ಹರಿದು ಬಿಸಾಡಬೇಡಿ. ಆ ಜಾಗ ಅಪಾಯದ್ದೆಂದು ಅವರೇ ಒಪ್ಪಿದ ದಾಖಲೆ ಅದು, ಫೋಟೊ ತೆಗೆದು ಅರ್ಜಿಗೆ ಲಗತ್ತಿಸಿ.

ಆಧಾರ್, ರೇಷನ್ ಕಾರ್ಡ್, ಫೋಟೊ ಪಾಸ್ (ಕೊಳೆಗೇರಿ ನಿವಾಸಿಯ ಗುರುತುಚೀಟಿ), ಹಳೆಯ ಕರೆಂಟ್ ಬಿಲ್ಲುಗಳು ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಬಾಗಿಲ ಹತ್ತಿರ ಇರಲಿ. ಅವುಗಳ ಫೋಟೊ ಊರಲ್ಲಿರುವ ಅಣ್ಣನಿಗೋ ತಂಗಿಗೋ ಕಳಿಸಿಡಿ.

ಹೊರಟವರು ವಾಪಸಾಗುವುದು ಯಾವಾಗ? ಮಳೆ ನಿಂತ ಕೂಡಲೇ ಅಲ್ಲ. ಮಣ್ಣಿನೊಳಗಿನ ನೀರು ಮೆಲ್ಲಗೆ ಇಳಿಯುತ್ತದೆ, ಬಿಸಿಲು ಬಂದ ಮೇಲೆ ಗೋಡೆ ಬಿದ್ದದ್ದೂ ಉಂಟು. ಕನಿಷ್ಠ ಒಂದು ಹಗಲು ಒಂದು ರಾತ್ರಿ ಜೋರು ಮಳೆಯಿಲ್ಲದೆ ಕಳೆಯಲಿ, ತೂತುಗಳ ನೀರು ತಿಳಿಯಾಗಿ ಕಡಿಮೆಯಾಗಲಿ, ಬೆಳಕಿನಲ್ಲಿ ಗುರುತುಗಳನ್ನು ಅಳೆದು ಸರಿಯಿದ್ದರೆ ಒಳಗೆ ಹೋಗಿ. ಗೋಡೆಯೋ ಮನೆಯೋ ಒಂದಿಷ್ಟು ಕುಸಿದಿದ್ದರೆ ಕಸ ತೆಗೆಯಲು ಅವಸರ ಬೇಡ. ತಹಸೀಲ್ದಾರ್ ಕಚೇರಿಯವರು ಬಂದು ಪಂಚನಾಮೆ (ಸ್ಥಳ ಮಹಜರು) ಮಾಡುವವರೆಗೆ ಇದ್ದದ್ದನ್ನು ಇದ್ದಂತೆಯೇ ಬಿಟ್ಟು ಎಲ್ಲ ಕಡೆಯಿಂದ ಫೋಟೊ ತೆಗೆಯಿರಿ. ಮನೆ ಹಾನಿಯ ಪರಿಹಾರವಾಗಲಿ, ಜೀವ ಹೋದರೆ ವಿಪತ್ತು ನಿಧಿಯಿಂದ ಸಿಗುವ 4 ಲಕ್ಷ ರೂಪಾಯಿಯಾಗಲಿ ಆ ಕಾಗದದ ಮೇಲೇ ನಿಂತಿದೆ. ಪಂಚನಾಮೆಯಲ್ಲಿ ಹೆಸರು, ಮನೆ ನಂಬರು ಸರಿಯಾಗಿ ಬರೆದಿದ್ದಾರೆಯೇ ಎಂದು ಮರಾಠಿ ಓದಬಲ್ಲ ಮಕ್ಕಳಿಂದ ಓದಿಸಿ, ಆಮೇಲೆ ಸಹಿ ಹಾಕಿ.