18-140 ಒಂದೇ ಲೆನ್ಸ್ ಸಾಕಾ?

ನಿಕಾನ್ ಡಿ5600 ಕ್ಯಾಮೆರಾ ಜೊತೆ ಬಂದ 18-55 ಎಂಎಂ ಲೆನ್ಸ್ ಕೊಟ್ಟು 18-140 ಎಂಎಂ ಜೂಮ್ ಲೆನ್ಸ್ ತಗೊಂಡರೆ ದಿನಬಳಕೆಗೆ ಅದೊಂದೇ ಸಾಕಾ ಅಂತ ಕೇಳಿದ್ದೀರಿ. ಹಗಲಿಗೆ ಧಾರಾಳವಾಗಿ ಸಾಕು. ಮನೆಯೊಳಗೆ, ಸಂಜೆ ಮೇಲೆ ಸಾಲದು.

ನಾಲ್ಕು ವರ್ಷದಿಂದ ನನ್ನ ಕ್ಯಾಮೆರಾದಲ್ಲಿ ಇರುವುದು ಇದೇ. ಬೆಳಗ್ಗೆ ಗಾಂಧಿ ಬಜಾರಿನಲ್ಲಿ ನಿಂತರೆ 18ರಲ್ಲಿ ಹೂವಿನ ಅಂಗಡಿಗಳ ಇಡೀ ಸಾಲು ಸಿಗುತ್ತದೆ. ನಿಂತಲ್ಲೇ 140ಕ್ಕೆ ತಿರುಗಿಸಿದರೆ ಮಲ್ಲಿಗೆ ಕಟ್ಟುವ ಅಜ್ಜಿಯ ಬೆರಳು, ಒದ್ದೆ ಬಾಳೆನಾರು, ಮೊಗ್ಗಿನ ಹಸಿರು ತೊಟ್ಟು. (ಅವರನ್ನು ಒಂದು ಮಾತು ಕೇಳಿಯೇ ತೆಗೆಯಿರಿ.) 55ರಲ್ಲಿ ಇದೇ ಫೋಟೊ ಬೇಕಂದರೆ ತೀರಾ ಹತ್ತಿರ ಹೋಗಬೇಕು, ಆಗ ಅವರ ಕೈಯೇ ನಿಂತುಬಿಡುತ್ತದೆ. ರಸ್ತೆ ಧೂಳಿನಲ್ಲಿ ಲೆನ್ಸ್ ಬದಲಿಸುವ ಗೋಜೂ ಇಲ್ಲ. ತೂಕ 490 ಗ್ರಾಂ, ಕುತ್ತಿಗೆಗೆ ಭಾರ ಅನ್ನಿಸುವುದಿಲ್ಲ.

ತೊಂದರೆ ಬೆಳಕಿನದು. 140ರಲ್ಲಿ ಅಪರ್ಚರ್, ಅಂದರೆ ಬೆಳಕು ಒಳಬಿಡುವ ಕಂಡಿ, ಎಫ್/5.6ಕ್ಕಿಂತ ಜಾಸ್ತಿ ತೆರೆಯುವುದಿಲ್ಲ (ಎಫ್ ಸಂಖ್ಯೆ ಚಿಕ್ಕದಾದಷ್ಟು ಕಂಡಿ ದೊಡ್ಡದು). ಅಲುಗಾಟ ತಗ್ಗಿಸುವ ವಿಆರ್ ಲೆನ್ಸಿನಲ್ಲೇ ಇದೆಯಲ್ಲ ಅಂತೀರಾ? ಅದು ನಿಮ್ಮ ಕೈನಡುಕ ತಡೆಯುತ್ತದೆ, ಎದುರಿಗಿರುವವರ ಅಲುಗಾಟವನ್ನಲ್ಲ. ಅಕ್ಕನ ಮಗಳ ನಾಮಕರಣದಲ್ಲಿ ಬೆಳಕು ಸಾಲದೆ ಶಟರ್ ವೇಗ 1/30 ಸೆಕೆಂಡಿಗೆ ಇಳಿಸಿ ತೆಗೆದೆ. ಹಿಂದಿನ ಮಾವಿನ ತೋರಣ ಎಲೆ ಎಲೆಯೂ ಸ್ಪಷ್ಟ, ಮಗುವಿನ ಕೈ ಮಾತ್ರ ಬರೀ ಮಸುಕು. ಇವತ್ತಿಗೂ ಬೇಜಾರಿದೆ.

ಹಾಗಾಗಿ ದುಡ್ಡು ಹೊಂದಿದಾಗ 35 ಎಂಎಂ ಎಫ್/1.8 ಒಂದು ತಗೊಳ್ಳಿ. 5.6ಕ್ಕೆ ಹೋಲಿಸಿದರೆ ಸುಮಾರು ಹತ್ತು ಪಟ್ಟು ಬೆಳಕು ಬರುತ್ತದೆ. ಎಎಫ್-ಎಸ್ (ಲೆನ್ಸಿನೊಳಗೇ ಫೋಕಸ್ ಮೋಟಾರ್ ಇರುವುದು) ಅಂತ ಬರೆದಿರುವುದನ್ನೇ ನೋಡಿ ಕೊಳ್ಳಿ. ನಿಮ್ಮ ಕ್ಯಾಮೆರಾ ಬಾಡಿಯಲ್ಲಿ ಫೋಕಸ್ ಮೋಟಾರ್ ಇಲ್ಲ, ಒಳಗೆ ಮೋಟಾರ್ ಇಲ್ಲದ ಹಳೇ ಎಎಫ್-ಡಿ ಲೆನ್ಸ್ ಹಾಕಿದರೆ ಕೈಯಲ್ಲೇ ಫೋಕಸ್ ಮಾಡಬೇಕಾಗುತ್ತದೆ.