ದುಬೈಯಿಂದ ಬರುವ ರೋಲೆಕ್ಸ್: ಈಗಲೇ ಕೊಳ್ಳಬೇಕೇ?

ದುಬೈಯಲ್ಲಿರುವ ಭಾವನ ಮೂಲಕ ರೋಲೆಕ್ಸ್ ವಾಚನ್ನು ಈಗಲೇ ಕೊಳ್ಳಬೇಕೇ, ಅದರ ಬೆಲೆ ಏರುತ್ತಲೇ ಇರುತ್ತದೆಯೇ ಅಥವಾ ಮಿತಿಮೀರಿ ಏರಿ ಕುಸಿಯುವ ಗುಳ್ಳೆಯೇ ಎಂದು ಕೇಳಿದ್ದೀರಿ. ನೀವು ಎರಡು ಬೇರೆ ಬೆಲೆಗಳನ್ನು ಒಂದೇ ಎಂದುಕೊಂಡದ್ದೇ ಗೊಂದಲಕ್ಕೆ ಕಾರಣ ಅಂತ ಕಾಣುತ್ತದೆ. ಷೋರೂಮ್ ಬೆಲೆಯನ್ನು ಕಂಪೆನಿಯೇ ಹೆಚ್ಚುಕಡಿಮೆ ವರ್ಷಾವರ್ಷ ಏರಿಸುತ್ತದೆ, ಅದು ಇಳಿಯುವುದು ಅಪರೂಪ. ಗುಳ್ಳೆ ಉಬ್ಬುವುದು, ಒಡೆಯುವುದು ಮರುಮಾರಾಟದ ಬೆಲೆಯಲ್ಲಿ. ಪಟೆಕ್ ಫಿಲಿಪ್ ಕಂಪೆನಿಯ ನಾಟಿಲಸ್ 5711 ಎಂಬ ವಾಚಿನ ತಯಾರಿ ನಿಲ್ಲುತ್ತದೆಂದು 2021ರಲ್ಲಿ ಗೊತ್ತಾದ ಮೇಲೆ ಅದರ ಮರುಮಾರಾಟದ ಬೆಲೆ ಷೋರೂಮ್ ಬೆಲೆಯ ಹಲವು ಪಟ್ಟಾಯಿತು. ರೋಲೆಕ್ಸ್‌ನ ಡೇಟೋನಾ ಮಾದರಿಯ ಬೆಲೆ ಕೂಡ ಮೇಲೇರಿತು. 2022ರ ಆರಂಭದ ನಂತರ ಎರಡೂ ಕುಸಿದವು. ತುದಿಯಲ್ಲಿ ಕೊಂಡವರು ಕಳೆದುಕೊಂಡರು.

ಕಾಸರಗೋಡಿನಿಂದ ದುಡ್ಡು ಕಳಿಸುವ ಮೊದಲು ದುಬೈಯಲ್ಲಿರುವ ನಿಮ್ಮ ಭಾವನ ಹತ್ತಿರ ನೀವು ಕೊಳ್ಳಬೇಕೆಂದಿರುವ ಸಬ್‌ಮರೀನರ್ ಎಂಬ ರೋಲೆಕ್ಸ್ ವಾಚಿನ ರೆಫರೆನ್ಸ್ ನಂಬರ್ (ಮಾದರಿಯ ಸಂಖ್ಯೆ) ಕೇಳಿ, ಅದೇ ನಂಬರಿನ ಇಂದಿನ ಷೋರೂಮ್ ಬೆಲೆ ನೋಡಿ. ಮರುಮಾರಾಟದ ವ್ಯಾಪಾರಿ ಅದಕ್ಕಿಂತ ಎಷ್ಟು ಹೆಚ್ಚು ಕೇಳುತ್ತಾನೋ, ಅಷ್ಟೂ ಕರಗಿಹೋಗಬಹುದಾದ ಹಣ. ಆಮೇಲೆ ಅದೇ ವ್ಯಾಪಾರಿಯನ್ನು "ನಾಳೆ ನಾನೇ ಮಾರಿದರೆ ಎಷ್ಟು ಕೊಡುತ್ತೀರಿ?" ಎಂದು ಕೇಳಿಸಿ. ತಮ್ಮನಿಗಾಗಿ ನಾನು ಹೀಗೆ ಕೇಳಿಸಿದಾಗ ಬಂದ ಉತ್ತರದಿಂದಲೇ ನಾವು ಬೇಡವೆಂದು ಬಿಟ್ಟೆವು. ಚಿನ್ನವಾದರೆ ಊರಿನ ಯಾವ ಅಂಗಡಿಯಲ್ಲೂ ದಿನದ ದರ ಹಿಡಿದು ಮಾತಾಡಬಹುದು, ವಾಚಿಗೆ ಆ ಆಸರೆ ಇಲ್ಲ. ಬಾಕ್ಸ್, ವಾರಂಟಿ ಕಾರ್ಡ್ ಇಲ್ಲದಿದ್ದರೆ ಮಾರುವಾಗ ಸಿಗುವುದು ಇನ್ನೂ ಕಡಿಮೆ.

ಕೈಗೆ ಕಟ್ಟಿಕೊಂಡು ಮಂಗಳೂರಲ್ಲಿ ಇಳಿದರೆ ಸುಂಕವಿಲ್ಲ ಎನ್ನುವ ಮಾತು ನಂಬಬೇಡಿ. ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ, ಸುಂಕದ ವಸ್ತು ತಂದವರು ಹೋಗುವ ರೆಡ್ ಚಾನೆಲ್‌ನಲ್ಲಿ ಬಿಲ್ ತೋರಿಸಿ ಸುಂಕ ಕಟ್ಟಬೇಕು. ಅದನ್ನೂ ಲೆಕ್ಕಕ್ಕೆ ಸೇರಿಸಿ.

ಇನ್ನು ಮುಂದೆ ಏರುತ್ತದೋ ಇಳಿಯುತ್ತದೋ ಯಾರೂ ಖಚಿತವಾಗಿ ಹೇಳಲಾರರು. ಮಗಳ ಫೀಸಿಗೆ ಇಟ್ಟ ಹಣ ಎಂದಿದ್ದೀರಿ, ದಯವಿಟ್ಟು ಅದನ್ನು ಮುಟ್ಟಬೇಡಿ. ಕಟ್ಟಿಕೊಳ್ಳುವ ಆಸೆಯೇ ಇದ್ದರೆ ಭಾವ ಷೋರೂಮಿನಲ್ಲಿ ಹೆಸರು ಬರೆಸಿ, ಷೋರೂಮ್ ಬೆಲೆಗೇ ಸಿಗುವವರೆಗೆ ಕಾಯಲಿ.