ಕಿಟಕಿ ಕೆಳಗೆ ತೇವ, ಹೊರಗೆ ಇಟ್ಟಿಗೆ ಕ್ಲಾಡಿಂಗ್ ಮೇಲೆ ಬಿಳಿ ಪುಡಿ

ಮಳೆ ಬಂದು ಎರಡು ದಿನಕ್ಕೆ ಕಿಟಕಿ ಕೆಳಗೆ ಮಾತ್ರ ಒಳಗಿನ ಪೇಂಟ್ ಉಬ್ಬತ್ತೆ, ಹೊರಗೆ ಇಟ್ಟಿಗೆ ಕ್ಲಾಡಿಂಗ್ (ಗೋಡೆ ಮೇಲೆ ಅಂಟಿಸಿರೋ ಇಟ್ಟಿಗೆ ಹೊದಿಕೆ) ಮೇಲೆ ಬಿಳಿ ಪುಡಿ ಕೂತಿದೆ ಅಂತ ಫೋಟೋ ಹಾಕಿ ಬರ್ದಿದೀರಲ್ಲ, ಹಾಗಿದ್ರೆ ಬಹುತೇಕ ನೀರು ಕಿಟಕಿ ಸಿಲ್ಲಿಂದ್ಲೇ (ಫ್ರೇಮ್ ಕೆಳಗಿನ ಪಟ್ಟಿ) ಇಳೀತಿದೆ. ಆ ಪುಡಿ ಉಪ್ಪು, ಗೋಡೆಯೊಳಗಿನ ನೀರು ಆಚೆ ಬಂದು ಆರ್ದಾಗ ಬಿಟ್ಟು ಹೋಗೋದು.

ವಾಟರ್‌ಪ್ರೂಫ್ ಪೇಂಟ್ ಈಗ್ಲೇ ಹೊಡೆಸ್ಬೇಡಿ ದಯವಿಟ್ಟು. ನಮ್ಮನೇಲಿ ಒದ್ದೆ ಗೋಡೆ ಮೇಲೆ ಹೊಡೆಸಿ, ನೀರು ಒಳಗೇ ಸಿಕ್ಕಾಕೊಂಡು ಮುಂದಿನ ಮಳೆಗಾಲಕ್ಕೆ ಇಟ್ಟಿಗೆ ಮುಖಾನೇ ಚಕ್ಕೆ ಎದ್ದು ಹೋಯ್ತು.

ಮೊದಲು ಬಿಸಿಲಿರೋ ದಿನ ಪೈಪ್ ಹಿಡಿದು ಗೋಡೆ ಕೆಳಗಿಂದ ಶುರು ಮಾಡಿ, ಒಂದೊಂದು ಜಾಗಕ್ಕೆ ಹದಿನೈದು ನಿಮಿಷ ನೀರು ಬಿಡ್ತಾ ಮೇಲಕ್ಕೆ ಹೋಗಿ, ಸಿಲ್ ಹತ್ರ ಬಂದಾಗ ಒಳಗೆ ತೇವ ಕಂಡ್ರೆ ಅಲ್ಲೇ. ಕಾಣ್ಲಿಲ್ಲ ಅಂದ್ರೆ ಪ್ಯಾರಪೆಟ್ ಇರ್ಬೋದು, ಗೋಡೆಯೊಳಗಿನ ಪೈಪೂ ಇರ್ಬೋದು, ಫೋಟೋ ನೋಡಿ ಅದನ್ನ ಹೇಳಕ್ಕಾಗಲ್ಲ.

ಸಿಲ್ಲೇ ಆದ್ರೆ ಅದಕ್ಕೆ ಹೊರಗಡೆಗೆ ಇಳಿಜಾರು ಕೊಡ್ಸಿ, ಸಿಲ್‌ನ ತಳದಲ್ಲಿ ಹೊರ ಅಂಚಿನ ಹತ್ರ ಉದ್ದಕ್ಕೂ ಒಂದು ಗ್ರೂವ್ (ಸಣ್ಣ ಗಾಡಿ) ಹೊಡೆಸಿ, ಆಗ ನೀರು ಗೋಡೆಗೆ ಹರಿಯದೆ ಅಲ್ಲೇ ತೊಟ್ಟಿಕ್ಕತ್ತೆ. ಫ್ರೇಮ್ ಸುತ್ತ ಹಳೇ ಸಿಲಿಕಾನ್ ಕಿತ್ತು ಹೊಸದು ಹಾಕ್ಸಿ. ಆಮೇಲೆ ಇಟ್ಟಿಗೆ ತಟ್ಟಿ ನೋಡಿ, ಟೊಳ್ಳು ಸದ್ದು ಬಂದಿದ್ದನ್ನ ತೆಗೆಸಿ ಮತ್ತೆ ಕೂರಿಸಿ. ಇಟ್ಟಿಗೆ ನಡುವೆ ಪುಡಿಯಾದ ಜಾಯಿಂಟ್ 15-20 ಮಿ.ಮೀ. ಆಳಕ್ಕೆ ಕೆರೆಸಿ (ತೆಳು ಟೈಲ್ ಆದ್ರೆ ಅಷ್ಟು ಆಳ ಬೇಡ), ಸಿಮೆಂಟ್, ಸುಣ್ಣ, ಮರಳು 1:1:6 ಹಾಕಿ ತುಂಬ್ಸಿ, ಬರೀ ಸಿಮೆಂಟ್ ಗಟ್ಟಿಯಾಗಿ ಬಿರುಕು ಬಿಡತ್ತೆ. ಉಪ್ಪನ್ನ ಒಣ ಬ್ರಷ್‌ನಲ್ಲಿ ಉಜ್ಜಿ, ಆಸಿಡ್ ಬೇಡ.

ಗೋಡೆ ಕೆಲವು ವಾರ ಚೆನ್ನಾಗಿ ಒಣಗ್ಲಿ, ಆಮೇಲೆ ಸಿಲೇನ್-ಸಿಲಾಕ್ಸೇನ್ ರಿಪೆಲೆಂಟ್ (ಇಟ್ಟಿಗೆ ನೀರು ಹೀರದ ಹಾಗೆ ಮಾಡೋ ದ್ರಾವಣ) ಹೊಡೆಸಿ, ಅದು ಮಳೆ ನೀರು ತಡೆದ್ರೂ ಒಳಗಿನ ಆವಿ ಹೊರಗೆ ಬಿಡತ್ತೆ. ಒಳಗಿನ ಪುಟ್ಟಿ, ಪೇಂಟ್ ಎಲ್ಲಾ ಕೊನೇಲಿ.